ಸತ್ತ ದಿಬ್ಬದ ಲೆಕ್ಕ

ಸಾಹಿತ್ಯ ಓದಿಕೊಂಡು ಇತಿಹಾಸಕ್ಕೆ ಬಂದ ನನ್ನಂಥವಳಿಗೆ ಕಡಲಿನ ಕಡತದಲ್ಲಿ ಕವಿಯೊಬ್ಬರ ಹೆಸರು ಸಿಕ್ಕರೆ ಅಲ್ಲೇ ನಿಂತುಬಿಡುವ ಆಸೆ. ಸಂರಕ್ಷಿತ ಕಡಲುಗಳ ಚರಿತ್ರೆಯ ಮೇಲೆ ಪಿಎಚ್‌ಡಿ ಮಾಡುತ್ತಿರುವ ನಾನು ಆಸ್ಟ್ರೇಲಿಯಾದ ಕವಿ ಜುಡಿತ್ ರೈಟ್ ಅವರ ಬಳಿ ಹಾಗೆ ಬಹಳ ದಿನ ನಿಂತಿದ್ದೆ.

1967ರಲ್ಲಿ ಕ್ವೀನ್ಸ್‌ಲ್ಯಾಂಡ್‌ನ ಕಬ್ಬು ಬೆಳೆಗಾರನೊಬ್ಬ ಗ್ರೇಟ್ ಬ್ಯಾರಿಯರ್ ರೀಫ್‌ನ ಎಲಿಸನ್ ಎಂಬ ಹವಳದ ದಿಬ್ಬವನ್ನು ಅಗೆಯಲು ಅರ್ಜಿ ಹಾಕಿದ. ಹೊಲಕ್ಕೆ ಅಗ್ಗದ ಸುಣ್ಣ ಬೇಕಿತ್ತು. ದಿಬ್ಬ ಹೇಗೂ ಸತ್ತಿದೆಯಲ್ಲ ಎಂಬುದು ವಾದ. ರೈಟ್, ಚಿತ್ರಕಾರ ಜಾನ್ ಬಸ್ಟ್, ಅರಣ್ಯ ವಿಜ್ಞಾನಿ ಲೆನ್ ವೆಬ್ ಇದನ್ನು ಎದುರಿಸಿ ನಿಂತರು. ಸ್ವಯಂಸೇವಕರು ನೀರಿಗಿಳಿದು ನೋಡಿದರೆ ಜೀವಂತ ಹವಳ, ಮೀನು, ಚಿಪ್ಪುಜೀವಿಗಳು. ಇನಿಸ್‌ಫೇಲ್ ಊರಿನಲ್ಲಿ ನಡೆದ ವಿಚಾರಣೆಯಲ್ಲಿ ಅರ್ಜಿ ಬಿದ್ದುಹೋಯಿತು. ಆಮೇಲೆ ತೈಲ ಕಂಪನಿಗಳ ವಿರುದ್ಧ ಹೋರಾಟ, 1975ರಲ್ಲಿ ಕಡಲ ಉದ್ಯಾನದ ಕಾಯ್ದೆ. ಇದನ್ನೆಲ್ಲ ರೈಟ್ 1977ರಲ್ಲಿ ‘ದ ಕೋರಲ್ ಬ್ಯಾಟಲ್‌ಗ್ರೌಂಡ್’ ಪುಸ್ತಕದಲ್ಲಿ ಬರೆದರು.

ನನ್ನ ಅಧ್ಯಾಯವೂ ಅಲ್ಲಿಗೇ ಮುಗಿದಿತ್ತು, ‘ಗೆಲುವು’ ಎಂಬ ತಲೆಬರಹದಡಿ.

ಆದರೆ ಉದ್ಯಾನವೆಂದು ಕರೆದ ಮಾತ್ರಕ್ಕೆ ಬಲೆಗಳು ನಿಲ್ಲಲಿಲ್ಲ. ಶತಮಾನ ಮುಗಿಯುವಾಗಲೂ ಮೀನುಗಾರಿಕೆ ಪೂರ್ತಿ ನಿಷಿದ್ಧವಾಗಿದ್ದದ್ದು ಶೇ. 5ಕ್ಕಿಂತ ಕಡಿಮೆ ಜಾಗದಲ್ಲಿ. ಅದರಲ್ಲೂ ಹೆಚ್ಚಿನದು ಹವಳವಿರುವ ಕಡೆ. ಹೆಸರೇ ರೀಫ್ ಆದರೂ ಆ ವಿಶಾಲ ಉದ್ಯಾನದಲ್ಲಿ ಹವಳದ ದಿಬ್ಬಗಳಿರುವುದು ಶೇ. 7ರಷ್ಟು ಮಾತ್ರ. ಉಳಿದದ್ದು ಮರಳು, ಕೆಸರು, ಕಡಲಹುಲ್ಲು, ಸ್ಪಂಜುಗಳ ತಳ. ಎಲಿಸನ್ನನ್ನು ಸತ್ತದ್ದೆಂದ ಕಣ್ಣಿಗೂ, ಅದನ್ನು ಉಳಿಸಿದ ಕಣ್ಣಿಗೂ ಈ ತಳ ಅಷ್ಟಾಗಿ ಬಿದ್ದಿರಲಿಲ್ಲ ಅನಿಸುತ್ತದೆ.

ಆಗ ವಿಜ್ಞಾನಿಗಳು ಇಡೀ ಉದ್ಯಾನವನ್ನು 70 ಜೀವವಲಯಗಳಾಗಿ ವಿಂಗಡಿಸಿದರು: 30 ದಿಬ್ಬದವು, 40 ದಿಬ್ಬವಲ್ಲದವು. ಪ್ರತಿಯೊಂದರಲ್ಲೂ ಕನಿಷ್ಠ ಶೇ. 20 ಭಾಗ ಮುಟ್ಟಬಾರದು. ಕೆಸರಿಗೂ ಹವಳಕ್ಕೂ ಒಂದೇ ನಿಯಮ! ರಕ್ಷಿತ ತುಂಡುಗಳು ದೊಡ್ಡದಿರಬೇಕು, ಒಂದೇ ಕಡೆ ಗುಂಪಾಗಿರದೆ ಚದುರಿರಬೇಕು. ಚಂಡಮಾರುತ ಒಂದನ್ನು ಹಾಳುಮಾಡಿದರೆ ಇನ್ನೊಂದರಿಂದ ಲಾರ್ವಾಗಳು ತೇಲಿ ಬರಬೇಕು. ಮೀನುಗಾರರಿಗೆ ಆದಷ್ಟು ಕಡಿಮೆ ನಷ್ಟವಾಗುವ ಜೋಡಣೆ ಹುಡುಕಲು ಕಂಪ್ಯೂಟರ್ ನೆರವಾಯಿತು. ಜನರಿಂದ 31,000ಕ್ಕೂ ಹೆಚ್ಚು ಅಹವಾಲುಗಳು ಬಂದವು, ಗೆರೆಗಳು ಮತ್ತೆ ಮತ್ತೆ ಸರಿದವು. 2004ರ ಜುಲೈ 1ರಂದು ನಿಷೇಧಿತ ‘ಹಸಿರು ವಲಯ’ ಶೇ. 33ಕ್ಕೆ ಏರಿತು.

ಫಲ? ಕೆಪೆಲ್ ದ್ವೀಪಗಳ ಬಳಿ ಎರಡು ಜಾತಿಯ ಮರಿಮೀನುಗಳ ಡಿಎನ್‌ಎ ಹಿಡಿದು ತಂದೆತಾಯಿಗಳನ್ನು ಹುಡುಕಿದರು. ಅಲ್ಲಿನ ದಿಬ್ಬಗಳಲ್ಲಿ ರಕ್ಷಿತವಾಗಿದ್ದದ್ದು ಶೇ. 28. ಸುತ್ತಲಿನ ಮರಿಗಳಲ್ಲಿ ಸುಮಾರು ಅರ್ಧ ಆ ದಿಬ್ಬಗಳ ಸಂತಾನ. 2012ರಲ್ಲಿ ಪ್ರಕಟವಾದ ಈ ಲೆಕ್ಕ ಓದಿದ ದಿನ ನನಗೆ ರೈಟ್ ಅವರ ಪುಸ್ತಕ ಓದಿದಷ್ಟೇ ಖುಷಿಯಾಯಿತು.

ಕಳೆದುಕೊಂಡವರೂ ಇದ್ದಾರೆ. ಕಸುಬು ಬಿಟ್ಟ ಮೀನುಗಾರರಿಗೆ, ದಡದ ವ್ಯಾಪಾರಿಗಳಿಗೆ ಸರ್ಕಾರ ಕೊನೆಗೆ ಕೊಟ್ಟ ಪರಿಹಾರ 20 ಕೋಟಿ ಆಸ್ಟ್ರೇಲಿಯನ್ ಡಾಲರ್‌ಗೂ ಹೆಚ್ಚು. ಅವರ ಮಾತು ನನ್ನ ಮೊದಲ ಕರಡಿನಲ್ಲಿ ಒಂದು ಸಾಲೂ ಇರಲಿಲ್ಲ. ದಡದಲ್ಲಿ ಕೂತು ಬರೆಯುವವರ ಸೌಕರ್ಯ ಅದು.

2016ರಲ್ಲಿ ನೀರು ಕಾದು ಹವಳ ಬಿಳಿಚಿದಾಗ ಹಸಿರು ವಲಯದ ಹವಳವೂ ಹಾಗೆಯೇ ಬಿಳಿಚಿತು. ಬಲೆಯನ್ನು ತಡೆಯುವ ಗೆರೆ ಬಿಸಿಯನ್ನು ತಡೆಯುವುದಿಲ್ಲ. ‘ಗೆಲುವು’ ಎಂಬ ತಲೆಬರಹ ತೆಗೆದಿದ್ದೇನೆ. ಆ ಜಾಗಕ್ಕೆ ಇನ್ನೂ ಏನೂ ಬರೆದಿಲ್ಲ.