ಚರೆ ಮತ್ತು ಸೀಸದ ಪರೀಕ್ಷೆ

ಕೆಲವು ತಿಂಗಳುಗಳ ಹಿಂದೆ ತಿರುಮಕೂಡಲು ನರಸೀಪುರದ ಕಡೆಯ ರೈತರೊಬ್ಬರು ನಮ್ಮ ಮನೆಗೆ ಒಂದು ಸಣ್ಣ ಬಟ್ಟೆಯ ಚೀಲವನ್ನು ತಂದಿದ್ದರು. ಅದರ ಮೇಲಣ ಬರಹವೆಲ್ಲ ಅಳಿಸಿಹೋಗಿ 6 ಎಂಬ ಅಂಕೆಯೊಂದು ಮಾತ್ರ ಉಳಿದಿತ್ತು. ಒಳಗೆ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ, ಕಪ್ಪಿಟ್ಟ ಸೀಸದ ಗುಂಡುಗಳಿದ್ದವು. ಅವರ ತಂದೆಯವರ ಕೇಪಿನ ಕೋವಿಯು ಎಂದೋ ಠಾಣೆಗೆ ಒಪ್ಪಿಸಲ್ಪಟ್ಟು, ಚೀಲ ಮಾತ್ರ ಪೆಟ್ಟಿಗೆಯಲ್ಲಿ ಉಳಿದುಬಂದಿತ್ತಂತೆ. “ಸ್ವಾಮೀ, ಈ ಆರು ಅಂದರೇನು? ಹಂದಿಗೆ ಇದನ್ನು ತುಂಬಬಾರದು ಅಂತ ನಮ್ಮಪ್ಪ ಹೇಳ್ತಿದ್ದರು” ಎಂದು ಅವರು ಕೇಳಿದರು. ಕಾವ್ಯವ್ಯಾಕರಣಗಳಲ್ಲಿಯೇ ಕಾಲವನ್ನು ಕಳೆದ ನಮಗೆ ಆಗ ಉತ್ತರವು ತೋರಲಿಲ್ಲ. ಆ ಪ್ರಶ್ನೆಯನ್ನು ಹಿಡಿದು ಹುಡುಕಿದುದರ ಫಲವನ್ನು ವಾಚಕರ ಮುಂದಿಡುತ್ತೇವೆ.

ಮೊದಲು ಶಬ್ದವಿಚಾರ. ಇಂಥ ಸಣ್ಣ ಗುಂಡಿಗೆ ನಮ್ಮಲ್ಲಿ ‘ಚರೆ’ ಎಂದು ಹೆಸರು. ಇದು ಹಿಂದೂಸ್ತಾನಿಯ ‘ಛರ್ರಾ’ ಎಂಬುದರ ರೂಪ. ‘ತುಪಾಕಿ’ಯು ತುರುಕರ ಭಾಷೆಯಿಂದ ಬಂದುದು. ‘ಬಂದೂಕು’ ಎಂಬುದರ ಕಥೆ ಇನ್ನೂ ಸ್ವಾರಸ್ಯವಾದುದು: ಅರಬ್ಬಿಯಲ್ಲಿ ‘ಬುಂದುಕ್’ ಎಂದರೆ ಮೊದಲು ಒಂದು ಬಗೆಯ ಗಟ್ಟಿಕಾಯಿ, ಅನಂತರ ಆ ಕಾಯಿಯಷ್ಟು ಗಾತ್ರದ, ಬಿಲ್ಲಿನಿಂದ ಎಸೆಯುವ ಉಂಡೆ, ಕೊನೆಗೆ ಉಂಡೆಯನ್ನು ಹಾರಿಸುವ ಆಯುಧವೇ ಆ ಹೆಸರನ್ನು ಪಡೆಯಿತು. ನಮ್ಮ ‘ಕೋವಿ’ಯಾದರೋ ಕೊಳವೆಯೆಂಬ ಅರ್ಥದ ದೇಶ್ಯಶಬ್ದ. ಕೊಳವೆಗೆ ನಮ್ಮ ಹೆಸರಿದ್ದರೂ ಅದರೊಳಗಿನ ಚರೆಯ ಹೆಸರು ಹೊರಗಿನದಾದುದರಿಂದ, ಚರೆಯು ಬಂದೂಕಿನ ಜತೆಯಲ್ಲಿಯೇ ಈ ಸೀಮೆಗೆ ಬಂದಿತೆಂದು ಊಹಿಸಬಹುದಾಗಿದೆ.

ಇದಕ್ಕೆ ಪ್ರತಿಪಕ್ಷವಾಗಿ ಶುಕ್ರನೀತಿಯನ್ನು ಎತ್ತಿ ಹೇಳುವವರಿದ್ದಾರೆ. ಸಣ್ಣ ನಾಲಿಕಕ್ಕೆ ಸೀಸದ ಗೋಲವು ತಕ್ಕದ್ದೆಂದೂ, ಸುವರ್ಚಿಲವಣ ಐದು ಪಲ, ಗಂಧಕ ಒಂದು ಪಲ, ಎಕ್ಕ ಕಳ್ಳಿ ಮೊದಲಾದವುಗಳ ಇದ್ದಲು ಒಂದು ಪಲ ಸೇರಿಸಿ ಮದ್ದನ್ನು ಮಾಡಬೇಕೆಂದೂ ಆ ಗ್ರಂಥದಲ್ಲಿ ಹೇಳಿರುವುದು ನಿಜವೇ. ಗುಸ್ತಾವ್ ಆಪರ್ಟ್ ಎಂಬ ಮದರಾಸಿನ ಪ್ರಾಧ್ಯಾಪಕರು 1880ರಲ್ಲಿ ಇದನ್ನೇ ನೆಚ್ಚಿ ಪ್ರಾಚೀನ ಭಾರತೀಯರಲ್ಲಿ ಬಂದೂಕು ಇದ್ದಿತೆಂದು ವಾದಿಸಿದರು. ಆದರೆ ಲಲ್ಲನ್‌ಜೀ ಗೋಪಾಲರು 1962ರಲ್ಲಿ ಆ ಗ್ರಂಥವು ಹತ್ತೊಂಬತ್ತನೆಯ ಶತಮಾನದ ರಚನೆಯೆಂದು ಅಂತಃಪ್ರಮಾಣಗಳಿಂದ ತೋರಿಸಿದ್ದಾರೆ. ನಮಗೂ ಆ ಪಕ್ಷವೇ ಸಾಧುವೆಂದು ತೋರುತ್ತದೆ. ಶಾಸ್ತ್ರದ ಮೇಲಣ ಭಕ್ತಿಯಿಂದ ಶಾಸ್ತ್ರಕ್ಕೆ ಇಲ್ಲದ ವಯಸ್ಸನ್ನು ಕಟ್ಟುವುದು ಭಕ್ತಿಯಲ್ಲ.

ನಮ್ಮವರದೆಂದು ನಿಸ್ಸಂದೇಹವಾಗಿ ಹೇಳಬಹುದಾದುದು ಬೇರೆಯಿದೆ. ಅದು ಸೀಸದ ಪರೀಕ್ಷೆ. ಅಮರಸಿಂಹನು ಸೀಸಕ್ಕೆ ನಾಗ, ಸೀಸಕ, ಯೋಗೇಷ್ಟ, ವಪ್ರ ಎಂಬ ಹೆಸರುಗಳನ್ನು ಕೊಟ್ಟಿದ್ದಾನೆ. ರಸರತ್ನಸಮುಚ್ಚಯಕಾರನು ಇದನ್ನು ಪೂತಿಲೋಹಗಳಲ್ಲಿ ಸೇರಿಸಿ, ಬೇಗನೆ ಕರಗುವುದು, ಬಹು ಭಾರವಾಗಿರುವುದು, ಕಡಿದರೆ ಕಪ್ಪಾಗಿ ಹೊಳೆಯುವುದು, ದುರ್ಗಂಧವುಳ್ಳದ್ದು, ಹೊರಗೆ ಕಪ್ಪಾದುದು ಶುದ್ಧವಾದ ಸೀಸವೆಂದೂ, ಇದಕ್ಕೆ ಭಿನ್ನವಾದುದು ಅಶುದ್ಧವೆಂದೂ ವಿಧಿಸಿದ್ದಾನೆ. ವೈದ್ಯನ ಉದ್ದೇಶಕ್ಕಾಗಿ ಹೇಳಿದ ಈ ಲಕ್ಷಣಗಳಲ್ಲಿ ಮೊದಲ ಎರಡು ಚರೆಗೂ ಮುಖ್ಯವಾದುವು. ಸೀಸವು 327 ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ಕರಗುವುದರಿಂದ ಒಲೆಯ ಬೆಂಕಿಯೇ ಅದಕ್ಕೆ ಸಾಕು. ನೀರಿಗಿಂತ 11 ಪಾಲಿಗೂ ಮಿಕ್ಕಿ ಭಾರವಾದುದರಿಂದ, 8 ಪಾಲನ್ನೂ ಮುಟ್ಟದ ಕಬ್ಬಿಣಕ್ಕಿಂತ ದೂರದವರೆಗೆ ತನ್ನ ವೇಗವನ್ನು ಉಳಿಸಿಕೊಳ್ಳುತ್ತದೆ.

ಆದರೆ ವೈದ್ಯನಿಗೆ ಬೇಕಾದ ಶುದ್ಧಿಯು ಕೋವಿಗಾರನಿಗೆ ಬೇಡ. ಶುದ್ಧಸೀಸವು ಮೃದುವಾದುದರಿಂದ ನಳಿಗೆಯಲ್ಲಿ ಒತ್ತಿಕೊಂಡು ಚಪ್ಪಟೆಯಾಗುತ್ತದೆ. ಚಪ್ಪಟೆಯಾದುದು ದಾರಿ ತಪ್ಪುತ್ತದೆ. ಆದುದರಿಂದ ಗಟ್ಟಿತನಕ್ಕಾಗಿ ಆಂಟಿಮನಿಯನ್ನೂ, ಹನಿಯು ದುಂಡಾಗುವುದಕ್ಕಾಗಿ ಕಿಂಚಿತ್ ಪಾಷಾಣವನ್ನೂ ಬೆರೆಸುತ್ತಾರೆ. 1782ರಲ್ಲಿ ಬ್ರಿಸ್ಟಲ್ ನಗರದ ವಿಲಿಯಂ ವಾಟ್ಸ್ ಎಂಬಾತನು, ಕರಗಿದ ಸೀಸವನ್ನು ಎತ್ತರದಿಂದ ಜರಡಿಯ ಮೂಲಕ ನೀರಿಗೆ ಬೀಳಿಸಿ ದುಂಡುಚರೆಯನ್ನು ಪಡೆಯುವ ವಿಧಾನಕ್ಕೆ ಸನ್ನದು ಪಡೆದನು. ನಮ್ಮ ರಸವೈದ್ಯರು ನಾಗಭಸ್ಮಕ್ಕೆ ಮನಃಶಿಲೆಯನ್ನು ಬಳಸುವುದುಂಟು, ಅದರಲ್ಲಿಯೂ ಪಾಷಾಣಾಂಶವಿದೆ. ಇಷ್ಟು ಮಾತ್ರದಿಂದ ವಾಟ್ಸನ ಗುಟ್ಟು ನಮಗೆ ಮೊದಲೇ ತಿಳಿದಿತ್ತೆನ್ನುವುದು ಸಲ್ಲದು.

ಇನ್ನು ಅಂಕೆಯ ವಿಷಯ. ಕೋವಿಯ ಲೆಕ್ಕವೆಲ್ಲ ಸೀಸದ ತೂಕದ ಮೇಲೆ ನಿಂತಿದೆ. ಒಂದು ಪೌಂಡು ಸೀಸದಲ್ಲಿ ಹನ್ನೆರಡು ಸಮಗುಂಡುಗಳನ್ನು ಮಾಡಿದರೆ ಒಂದೊಂದೂ ಎಷ್ಟು ಗಾತ್ರವೋ ಅಷ್ಟು ಬಾಯಿಯುಳ್ಳ ನಳಿಗೆಯೇ ಹನ್ನೆರಡನೆಯ ನಂಬರಿನ ಕೋವಿ. ಮೈಸೂರು ಸೀಮೆಯಲ್ಲಿ ಆನೆಯ ಖೆಡ್ಡಾ ನಡೆಸಿದ ಸ್ಯಾಂಡರ್ಸನ್ ದೊರೆಯ ನಾಲ್ಕನೆಯ ನಂಬರಿನ ಕೋವಿಗೆ ಕಾಲು ಪೌಂಡಿನ ಗುಂಡು. 1799ರ ಮಾರ್ಚಿ ಕೊನೆಯಲ್ಲಿ ಜನರಲ್ ಹ್ಯಾರಿಸನ ಸೈನ್ಯವು ಇದೇ ನರಸೀಪುರದ ಸೀಮೆಯ ಸೋಸಲೆಯ ಬಳಿ ಕಾವೇರಿಯನ್ನು ದಾಟಿ ಶ್ರೀರಂಗಪಟ್ಟಣದತ್ತ ನಡೆಯಿತಷ್ಟೆ. ಆ ಕಾಲದ ಇಂಗ್ಲಿಷ್ ಸಿಪಾಯಿಯ ಬಂದೂಕಿನ ಗುಂಡು ಪೌಂಡಿಗೆ ಸುಮಾರು ಹದಿನಾಲ್ಕೂವರೆ. ಚರೆಯಲ್ಲಿಯೂ ಅಂಕೆ ಏರಿದಂತೆ ಕಾಳು ಸಣ್ಣದಾಗುತ್ತದೆ. ಇಂಗ್ಲಿಷ್ ಪದ್ಧತಿಯಲ್ಲಿ ಆರನೆಯ ನಂಬರು ಔನ್ಸಿಗೆ 270, ನಾಲ್ಕನೆಯದು 170, ಎಸ್.ಜಿ. ಎಂಬ ದಪ್ಪಗುಂಡು 8. ಅಮೆರಿಕದ ಪದ್ಧತಿಯಲ್ಲಿಯಾದರೋ ಆರನೆಯದು ಔನ್ಸಿಗೆ ಸುಮಾರು 225. ಆದಕಾರಣ ಬರಿಯ ಅಂಕೆಯನ್ನು ನಂಬುವಂತಿಲ್ಲ, ತೂಗಬೇಕು. ನೆರೆಯ ಅಕ್ಕಸಾಲಿಗರ ತಕ್ಕಡಿಯಲ್ಲಿ ಒಂದು ತೊಲ ತೂಗಿಸಿ ಎಣಿಸಿದೆವು: 112 ಕಾಳು ಬಂದವು. ಇಂಗ್ಲಿಷ್ ಲೆಕ್ಕಕ್ಕೆ ತೊಲಕ್ಕೆ 111, ಅಮೆರಿಕದ ಲೆಕ್ಕಕ್ಕೆ 93 ಆಗಬೇಕು. ಚೀಲವು ಇಂಗ್ಲಿಷ್ ಪದ್ಧತಿಯದೆಂಬುದು ಹೀಗೆ ನಿರ್ಣಯವಾಯಿತು.

ರೈತರ ತಂದೆಯವರ ಮಾತೂ ಇದರಿಂದ ಸಮರ್ಥಿತವಾಗುತ್ತದೆ. ಹನ್ನೆರಡನೆಯ ನಂಬರಿನ ತೋಟಾಕ್ಕೆ ರೂಢಿಯ ಪ್ರಮಾಣವಾದ 1 1/16 ಔನ್ಸಿನಲ್ಲಿ ಆರನೆಯ ನಂಬರಿನ 287 ಕಾಳುಗಳಿರುತ್ತವೆ. ಒಂದೊಂದರ ತೂಕ ಗ್ರಾಮಿನ ಹತ್ತನೆಯ ಒಂದು ಪಾಲಿಗೆ ತುಸು ಮಿಕ್ಕದ್ದು. ಹಕ್ಕಿಗೆ ಅದು ಸಾಕು. ಹಂದಿಯ ತೊಗಲಿನಲ್ಲಿ ನಾಟಿ ನಿಂತು ಪ್ರಾಣಿಯನ್ನು ದಿನಗಟ್ಟಲೆ ನೋಯಿಸುವುದಲ್ಲದೆ ಕೊಲ್ಲಲಾರದು. ಆ ಹಿರಿಯರು ಲೆಕ್ಕ ಮಾಡಿರಲಾರರು, ಕಂಡಿದ್ದರು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇಲೆ ನಮ್ಮಲ್ಲಿ ಹಕ್ಕಿಬೇಟೆಯು ನಿಂತಿತು. ಆದರೆ ಸೀಸದ ಆಯ್ಕೆಯ ಪ್ರಶ್ನೆಯು ಹೊರದೇಶಗಳಲ್ಲಿ ಹೊಸ ರೂಪವನ್ನು ತಾಳಿದೆ. ನೀರುಹಕ್ಕಿಗಳು ಆಹಾರವನ್ನು ಅರೆಯುವುದಕ್ಕಾಗಿ ಹರಳುಗಳನ್ನು ನುಂಗುವಾಗ ಕೆಸರಿನಲ್ಲಿ ಬಿದ್ದ ಚರೆಯನ್ನೂ ನುಂಗುತ್ತವೆ. ಅದು ಹೊಟ್ಟೆಯಲ್ಲಿ ಸವೆದು ರಕ್ತಕ್ಕೆ ವಿಷವನ್ನು ಸೇರಿಸುತ್ತದೆ. ಶೋಧಿಸದ ನಾಗವು ರೋಗಕಾರಕವೆಂದು ರಸಶಾಸ್ತ್ರವು ಎಚ್ಚರಿಸಿದುದು ಮನುಷ್ಯನಿಗಾಗಿ. ಬಾತುಗಳಿಗೂ ಅದು ಸಲ್ಲುತ್ತದೆ. ಈ ಕಾರಣದಿಂದ ಅಮೆರಿಕದಲ್ಲಿ 1991ರಿಂದ ನೀರುಹಕ್ಕಿಗಳ ಬೇಟೆಗೆ ಸೀಸದ ಚರೆಯು ನಿಷಿದ್ಧವಾಯಿತು. ಯೂರೋಪಿನ ಒಕ್ಕೂಟದ ಜೌಗುನೆಲಗಳಲ್ಲಿ 2023ರಿಂದ ನಿಷಿದ್ಧವಾಗಿದೆ. ಅಲ್ಲಿಯವರು ಈಗ ಉಕ್ಕನ್ನೋ ಬಿಸ್ಮತ್ ಎಂಬ ಲೋಹವನ್ನೋ ಆರಿಸುತ್ತಾರೆ. ಉಕ್ಕು ಹಗುರವಾದುದರಿಂದ ಒಂದೆರಡು ನಂಬರು ದಪ್ಪದ ಕಾಳನ್ನು ತೆಗೆದುಕೊಳ್ಳಬೇಕಾಗುತ್ತದೆ. ನಂಜನಗೂಡಿನ ಸೀಮೆಯ ಹದಿನಾರು ಗ್ರಾಮದ ಕೆರೆಗೆ ಪ್ರತಿ ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಹಿಂದೆ ಬೇಟೆಯಾದ ಯಾವ ಕೆರೆಯ ಕೆಸರಿನಲ್ಲಿಯೇ ಆಗಲಿ, ಬಿದ್ದ ಚರೆಯು ಬೇಗನೆ ನಶಿಸುವ ವಸ್ತುವಲ್ಲ.

ಚೀಲವನ್ನು ಹಿಂದಕ್ಕೆ ಕೊಡುವಾಗ, ಇನ್ನು ಇದರಿಂದ ಪ್ರಯೋಜನವಿಲ್ಲ, ಸಂಗಮದಲ್ಲಿ ಬಿಟ್ಟುಬಿಡುವೆನೆಂದು ಆ ರೈತರು ಹೇಳಿದರು. ಹಾಗೆ ಮಾಡಕೂಡದೆಂದು ಮೇಲಣ ಸಂಗತಿಯನ್ನೆಲ್ಲ ತಿಳಿಸಿ, ಕೋವಿ ಹೋದ ಠಾಣೆಗೇ ಅದನ್ನೂ ಒಪ್ಪಿಸುವಂತೆ ಹೇಳಿದೆವು. ತೂಗಿದ 112 ಕಾಳುಗಳನ್ನೂ ಅದರೊಳಗೇ ಸೇರಿಸಿ ಕಳುಹಿಸಿದೆವು.