ಲಾರಿಯ ನಾಡಿ

ಗೋಕಾಕವೆಂದರೆ ಓದುಗರಿಗೆ ಮೊದಲು ಜಲಪಾತ ನೆನಪಾಗುತ್ತದೆ, ಅದರ ಹಿಂದೆಯೇ ಕರದಂಟು. ಹುಕ್ಕೇರಿಯೆಂದರೆ ಆದಿಲಶಾಹಿ ಕಾಲದ ಗುಮ್ಮಟಗಳು. ನಮ್ಮ ಚರಿತ್ರೆಯ ಪುಸ್ತಕಗಳೂ ಸಾಮಾನ್ಯವಾಗಿ ಅಲ್ಲಿಗೇ ವಿರಮಿಸುತ್ತವೆ. ಈ ಸೀಮೆಯ ಬೆಲ್ಲವೂ ಹತ್ತಿಯೂ ಪೇಟೆ ಮುಟ್ಟಿದ್ದು ಯಾರ ದೆಸೆಯಿಂದ ಎಂದು ಕೇಳಿದರೆ ಅವುಗಳಲ್ಲಿ ಉತ್ತರ ಸಿಗುವುದು ಕಷ್ಟ. ಈ ಲೇಖನ ಹಾಗೆ ಬಿಟ್ಟುಹೋದ ಪುಟದ ಒಂದು ಮೂಲೆಯನ್ನು ಕುರಿತದ್ದು: ಹಳೆಯ ಲಾರಿಯ ರೋಗವನ್ನು ಕಂಡುಹಿಡಿಯುವ ವಿದ್ಯೆ. ಸಾಹಿತ್ಯದ ಪುಟದಲ್ಲಿ ಲಾರಿಗೇನು ಕೆಲಸವೆಂದು ಹುಬ್ಬೇರಿಸುವವರು ಕೊಂಚ ತಾಳಿಕೊಳ್ಳಬೇಕು.

ರೈಲು ಈ ಭಾಗಕ್ಕೆ ಹತ್ತೊಂಬತ್ತನೆಯ ಶತಮಾನದ ಕೊನೆಗೇ ಬಂದಿತು. ಆದರೆ ಊರುಗಳ ಮಗ್ಗುಲಿಂದ ಹಾದುಹೋಯಿತು. 'ಗೋಕಾಕ ರೋಡ' ಎಂಬ ನಿಲ್ದಾಣದ ಹೆಸರೇ ಸಾಕ್ಷಿ. ಊರಿಗೆ ದೂರವಾದ ನಿಲ್ದಾಣಗಳಿಗೆ 'ರೋಡ' ಎಂಬ ಬಾಲ ಅಂಟಿಸುವುದು ರೈಲಿನವರ ಹಳೆಯ ರೂಢಿ. ಹುಕ್ಕೇರಿಗೂ, ಬಹುಕಾಲ ಗೋಕಾಕ ತಾಲ್ಲೂಕಿನಲ್ಲಿಯೇ ಇದ್ದು ಈಚೆಗೆ ತಾನೇ ತಾಲ್ಲೂಕಾದ ಮೂಡಲಗಿಗೂ ಆ ಬಾಲವೂ ದಕ್ಕಲಿಲ್ಲ. ಗಾಣದ ಮನೆಯಿಂದ ನಿಲ್ದಾಣದವರೆಗೆ ಚಕ್ಕಡಿಯೇ ಗತಿ. ಎರಡನೆಯ ಮಹಾಯುದ್ಧ 1945ರಲ್ಲಿ ಮುಗಿದ ಮೇಲೆ ಸೈನ್ಯ ಕೈಬಿಟ್ಟ ಫೋರ್ಡ್, ಷೆವರ್ಲೆ ಲಾರಿಗಳು ದೇಶದ ತುಂಬ ಮಾರಾಟಕ್ಕೆ ಬಂದವು. ಅವು ಪೆಟ್ರೋಲಿನವು, ಹೊಟ್ಟೆಬಾಕಗಳು. 1954ರಲ್ಲಿ ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಜ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು ಜಮ್‌ಶೆಡ್‌ಪುರದಲ್ಲಿ ಡೀಸೆಲ್ ಲಾರಿ ತಯಾರಿಸತೊಡಗಿದ ಮೇಲೆ ಸಾಗಣೆಯ ಲೆಕ್ಕವೇ ಬದಲಾಯಿತು. ಮೂತಿಯ ಮೇಲೆ ಮೂರು ಮೊನೆಯ ನಕ್ಷತ್ರ ಹೊತ್ತ ಆ ಲಾರಿ, 1969ರಲ್ಲಿ ಒಪ್ಪಂದ ಮುಗಿದು ನಕ್ಷತ್ರ ಹೋದ ಎಷ್ಟೋ ವರ್ಷಗಳ ಮೇಲೂ ಪುಣೆ-ಬೆಂಗಳೂರು ರಸ್ತೆಯಲ್ಲಿ, ಅಂದರೆ ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದ ಮೇಲಿಂದ, ಓಡುತ್ತಲೇ ಇತ್ತು.

ಲಾರಿ ಬಂದಿತು, ಅದರ ವೈದ್ಯನನ್ನು ಯಾರೂ ಕಳಿಸಲಿಲ್ಲ. ಅವನು ಇಲ್ಲಿಯೇ ಹುಟ್ಟಿಕೊಳ್ಳಬೇಕಾಯಿತು. ಯಂತ್ರ ಈ ಜಿಲ್ಲೆಗೆ ಅಪರಿಚಿತವೇನೂ ಆಗಿರಲಿಲ್ಲವೆನ್ನಿ. 1869ರಲ್ಲಿ ಇದೇ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ ನೇಗಿಲಿನ ಕಾರ್ಖಾನೆ ಕಟ್ಟಿದವರು. ಅವರ ಮನೆತನದ ಹೆಸರು ಹೊತ್ತ ಆಯಿಲ್ ಎಂಜಿನುಗಳು ಬಾವಿಯ ದಂಡೆಯಲ್ಲಿ ಟಕಟಕ ಎನ್ನುತ್ತಿದ್ದವು. ಅವುಗಳ ಸದ್ದು ಕೇಳಿ ಬೆಳೆದ ಕಿವಿಗೆ ಲಾರಿಯ ಸದ್ದು ಅರ್ಥವಾಗುವುದು ತಡವಾಗಲಿಲ್ಲ.

ಲಾರಿ ಮುದಿಯಾದಾಗ ಅದರ ಎರಡು ದೂರುಗಳು ಮೊದಲು ಕಾಣಿಸಿಕೊಳ್ಳುತ್ತವೆ. ನಿಂತಲ್ಲಿ ಎಂಜಿನು ಸಮನಾಗಿ ತಿರುಗದು. ಒಮ್ಮೆ ಏರುತ್ತದೆ, ಒಮ್ಮೆ ಬಿಕ್ಕುತ್ತದೆ. ಇದಕ್ಕೆ ಗ್ಯಾರೇಜಿನ ಮಾತಿನಲ್ಲಿ 'ಸ್ಲೋ ಕೆಟ್ಟಿದೆ' ಎನ್ನುತ್ತಾರೆ. ಇನ್ನೊಂದು, ಎಣ್ಣೆಯ ಒತ್ತಡ ತೋರಿಸುವ ಮೀಟರಿನ ಮುಳ್ಳು ಕೆಳಗೆ ಮಲಗುವುದು. ಆ ಮೀಟರಿನೊಳಗಿರುವುದು 1849ರಲ್ಲಿ ಪ್ಯಾರಿಸಿನ ಯೂಜೀನ್ ಬೂರ್ಡೋನ್ ಪೇಟೆಂಟ್ ಪಡೆದ ಬಾಗಿದ ಕೊಳವೆ. ಒತ್ತಡ ಹೆಚ್ಚಿದಂತೆ ಅದು ನೆಟ್ಟಗಾಗಲು ಹವಣಿಸುತ್ತದೆ, ಅದಕ್ಕೆ ಕಟ್ಟಿದ ಮುಳ್ಳು ಸರಿಯುತ್ತದೆ. ಮುಳ್ಳು ಹೇಳುವುದು ಇಷ್ಟೇ: ಪಂಪು ಎಷ್ಟು ಎಣ್ಣೆ ತಳ್ಳುತ್ತಿದೆ, ಬೇರಿಂಗುಗಳ ಸಂದಿನಿಂದ ಎಷ್ಟು ಸೋರಿಹೋಗುತ್ತಿದೆ. ಸವೆದ ಬೇರಿಂಗಿನ ಸಂದು ಅಗಲ. ಕಾದ ಎಣ್ಣೆ ತೆಳು. ನಿಧಾನ ತಿರುಗುವ ಎಂಜಿನ್ನಿನ ಪಂಪೂ ನಿಧಾನ. ಆದ್ದರಿಂದ ಬಿಸಿಯಾದ ಲಾರಿ ನಿಂತಲ್ಲೇ ತಿರುಗುವಾಗಲೇ ರೋಗ ಹೊರಬೀಳುವುದು. ಬೆಳಿಗ್ಗೆ ತಣ್ಣಗಿದ್ದಾಗ ಮೀಟರು ನೋಡಿ ಹಳೆಯ ಲಾರಿ ಕೊಂಡವನು ಮೋಸಹೋದನೆಂದೇ ತಿಳಿಯಬೇಕು.

ಎರಡು ದೂರುಗಳಿಗೂ ನಂಟಿರುವುದು ಇಲ್ಲಿ. ಸ್ಲೋ ತೀರ ಇಳಿದಿದ್ದರೆ ಗಟ್ಟಿಯಾದ ಎಂಜಿನ್ನಿಗೂ ಮುಳ್ಳು ಅಪವಾದ ಹೊರಿಸುತ್ತದೆ. ಸ್ಕ್ರೂ ತಿರುವಿ ಸ್ಲೋ ಏರಿಸಿದರೆ ಸಾಯುತ್ತಿರುವ ಎಂಜಿನ್ನಿಗೂ ಅದೇ ಮುಳ್ಳು ಆರೋಗ್ಯದ ಚೀಟಿ ಕೊಡುತ್ತದೆ.

ಈ ಎರಡನೆಯ ಮೋಸವನ್ನು ನಾನು ಹುಡುಗನಾಗಿದ್ದಾಗ ಕಣ್ಣಾರೆ ಕಂಡೆ. ಮೂಡಲಗಿಯ ಹತ್ತಿರದ ಹಳ್ಳಿಯಲ್ಲಿ ನನ್ನ ಸೋದರಮಾವ ಎರಡು ಕೈ ದಾಟಿ ಬಂದ ಒಂದು ಡೀಸೆಲ್ ಲಾರಿ ಕೊಂಡಿದ್ದ. ಬೆಲ್ಲದ ಸುಗ್ಗಿ. ಮುಳ್ಳು ಇಳಿಯುತ್ತದೆಂದು ಮಾವ ಗೊಣಗಿದ. ಡ್ರೈವರ ಮಾರನೆಯ ದಿನವೇ ಅದನ್ನು ಎತ್ತಿ ನಿಲ್ಲಿಸಿ ತೋರಿಸಿದ. ಮನೆಯಲ್ಲಿ ಅವನಿಗೆ ಹೋಳಿಗೆಯ ಊಟವಾಯಿತು. ತಿಂಗಳೊಪ್ಪತ್ತಿನಲ್ಲಿ, ಬೆಳಗಾವಿಗೆ ಹೊರಟ ಲಾರಿ ತುಂಬಿದ ಭಾರದಲ್ಲಿ ವಂಟಮುರಿ ಘಾಟು ಹತ್ತುವಾಗ ದಬದಬ ಬಡಿದು ನಿಂತಿತು. ಎಳೆದು ತಂದು ಗೋಕಾಕದ ಗ್ಯಾರೇಜೊಂದರಲ್ಲಿ ನಿಲ್ಲಿಸಿದರು. ಮಿಸ್ತ್ರಿ ಪಾನಾ ಕೈಗೆ ತೆಗೆದುಕೊಳ್ಳುವ ಮೊದಲು ಬಗ್ಗಿ ಸ್ಲೋ ಸ್ಕ್ರೂ ನೋಡಿದ.

"ಇದನ್ನ ಯಾರ ಏರಸ್ಯಾರ್ರಿ ಸಾವಕಾರ?"

ಮಾವ ಡ್ರೈವರನ ಕಡೆ ನೋಡಿದ. ಡ್ರೈವರ ನೆಲ ನೋಡಿದ.

ಚೇಂಬರ್ ಬಿಚ್ಚಿದಾಗ ಎಣ್ಣೆಯಲ್ಲಿ ಬೇರಿಂಗಿನ ಲೋಹ ಬೆಳ್ಳಗೆ ಮಿನುಗುತ್ತಿತ್ತು. ಕ್ರ್ಯಾಂಕನ್ನು ಸಾಣೆಗೆ ಕೊಟ್ಟು ಒಂದಿಂಚಿನ ಸಾವಿರದಲ್ಲಿ ಹತ್ತು ಭಾಗದಂತೆ ಇಳಿಸಿ, ದಪ್ಪ ಬೇರಿಂಗು ಕೂರಿಸುವುದು ವಾಡಿಕೆ. ಆದರೆ ಹಿಂದಿನ ಒಡೆಯರು ಆ ಮೆಟ್ಟಿಲುಗಳನ್ನೆಲ್ಲ ಆಗಲೇ ಇಳಿದುಬಿಟ್ಟಿದ್ದರು. ಹೊಸ ಕ್ರ್ಯಾಂಕೇ ಬೇಕಾಯಿತು. ಅದಕ್ಕಾಗಿ ಮಾವ ಮಾರಿದ್ದು ಅಜ್ಜಿಯ ಹೆಸರಿನಲ್ಲಿದ್ದ ಎರಡು ಎಕರೆ.

ರಿಪೇರಿ ನಡೆದಷ್ಟು ದಿನವೂ ನಾನು ಆ ಗ್ಯಾರೇಜಿಗೆ ಊಟದ ಬುತ್ತಿ ಒಯ್ಯುತ್ತಿದ್ದೆ. ಬೇರೆ ಲಾರಿಗಳನ್ನು ಮಿಸ್ತ್ರಿ ಪರೀಕ್ಷಿಸುವುದನ್ನು ನೋಡಿದ್ದು ಆಗಲೇ. ಅವನು ಮೊದಲು ಸ್ಲೋವನ್ನು ಅದರ ಹದಕ್ಕೆ ತರುತ್ತಿದ್ದ. ಆ ಕಾಲದ ಹಲವು ಡೀಸೆಲ್ ಪಂಪುಗಳ ವೇಗವನ್ನು ಹಿಡಿದಿಡುತ್ತಿದ್ದುದು ಒಂದು ತೆಳುವಾದ ಚರ್ಮದ ಪರೆ, ಡಯಾಫ್ರಾಮ್. ಗಾಳಿಯ ಸೆಳೆತಕ್ಕೆ ಅದು ಸರಿಯುತ್ತದೆ. ಒಣಗಿ ಬಿರಿದರೆ ಎಂಜಿನು ಹುಯ್ದಾಡುತ್ತದೆ. ಮಿಸ್ತ್ರಿ ಪಂಪಿನ ಸನ್ನೆಯನ್ನು ನಿಲುಗಡೆಗೆ ಎಳೆದು, ಗಾಳಿಕೊಳವೆಯ ಬಾಯಿಗೆ ಬೆರಳು ಒತ್ತಿ ಸನ್ನೆ ಬಿಡುತ್ತಿದ್ದ. ಅದು ತಡೆದು ನಿಂತರೆ ಚರ್ಮ ಗಟ್ಟಿ, ಸರಕ್ಕನೆ ಮರಳಿದರೆ ತೂತು. ಸ್ಲೋ ಸರಿಹೋದ ಮೇಲೆಯೇ ಮೀಟರಿನ ಮಾತು. ಇನ್ನೊಂದು ಮೀಟರು ಹಚ್ಚಿ ಮೊದಲನೆಯದರ ಸಾಕ್ಷ್ಯ ತಾಳೆ ನೋಡುತ್ತಿದ್ದ. ಎಣ್ಣೆಯ ಅಳತೆಕಡ್ಡಿ ಎಳೆದು ಮೂಸುತ್ತಿದ್ದ. ಹಾಕದೆಯೇ ಎಣ್ಣೆ ಏರಿದ್ದರೆ, ಡೀಸೆಲ್ ನಾತ ಹೊಡೆದರೆ, ಎಣ್ಣೆ ತೆಳುವಾದದ್ದೇ ಕಾರಣ. ಹಾಲಿನಂತಾಗಿದ್ದರೆ ನೀರು ಸೇರಿದೆ. ಮುಳ್ಳು ಒಂದೇ ದಿನದಲ್ಲಿ ಬಿದ್ದಿದ್ದರೆ ಕಸ ಕಟ್ಟಿದ ಜಾಳಿಗೆಯ ಮೇಲೋ ಸಿಕ್ಕಿಕೊಂಡ ರಿಲೀಫ್ ವಾಲ್ವಿನ ಮೇಲೋ ಅವನ ಗುಮಾನಿ; ತಿಂಗಳುಗಟ್ಟಲೆ ಇಳಿದಿದ್ದರೆ ಬೇರಿಂಗಿನ ಮೇಲೆ. ಆಗ ಒಂದು ಕಟ್ಟಿಗೆಯ ತುದಿಯನ್ನು ಎಂಜಿನ್ನಿಗೂ ಇನ್ನೊಂದನ್ನು ಕಿವಿಗೂ ಹಚ್ಚಿ ಕಣ್ಣು ಮುಚ್ಚುತ್ತಿದ್ದ. ಒಂದೊಂದೇ ಸಿಲಿಂಡರಿನ ಡೀಸೆಲ್ ನಳಿಗೆಯ ನಟ್ಟು ಸಡಿಲಿಸುವನು. ಯಾವುದನ್ನು ಸಡಿಲಿಸಿದಾಗ ಬಡಿತ ತಗ್ಗಿತೋ ಅಲ್ಲಿಯ ಬಿಗ್ ಎಂಡ್ ಸವೆದಿದೆ. ಯಾವುದಕ್ಕೂ ತಗ್ಗದ, ಆಳದ ದಪ್ಪ ಸದ್ದಾದರೆ ಮೇನ್ ಬೇರಿಂಗ್. ಎಂಜಿನು ಬಿಚ್ಚುವ ಮಾತು ಬರುತ್ತಿದ್ದುದು ಇದೆಲ್ಲ ಮುಗಿದ ಮೇಲೆ.

ಇಂದಿನ ಲಾರಿಗಳಲ್ಲಿ ಸ್ಲೋ ಹದವನ್ನು ಗಣಕವೇ ನೋಡಿಕೊಳ್ಳುತ್ತದೆ. ತಿರುವಲು ಸ್ಕ್ರೂ ಇಲ್ಲ. ಆ ಮಿಸ್ತ್ರಿಯ ವಿದ್ಯೆಯನ್ನು ಯಾವ ಕನ್ನಡ ಪುಸ್ತಕದಲ್ಲಿಯೂ ನಾನು ಓದಿಲ್ಲ. ಅವನು ಬರೆದಿಟ್ಟದ್ದೆಂದರೆ ಒಂದೇ ಚುಕ್ಕೆ. ಮಾವನ ಲಾರಿ ಹೊಸ ಕ್ರ್ಯಾಂಕಿನೊಡನೆ ಹೊರಬಿದ್ದ ದಿನ, ಸ್ಲೋ ಸ್ಕ್ರೂವಿನ ತಲೆಯ ಮೇಲೆ ಕಡ್ಡಿಯಿಂದ ಕೆಂಪು ಬಣ್ಣ ಬೊಟ್ಟಿಟ್ಟ. ಯಾರಾದರೂ ತಿರುವಿದರೆ ಬಣ್ಣ ಒಡೆದು ಗೊತ್ತಾಗಲೆಂದು. ಡ್ರೈವರನೂ ಪಕ್ಕದಲ್ಲಿ ನಿಂತು ನೋಡುತ್ತಿದ್ದ. ಮಾವ ಆ ಲಾರಿಯನ್ನು ಮಾರುವ ದಿನ ನಾನು ಬಾನೆಟ್ಟು ಎತ್ತಿ ನೋಡಿದೆ. ಬೊಟ್ಟು ಒಡೆದಿರಲಿಲ್ಲ.