ಕುಲುಕನ್ನು ಹೊರುವವರು ಯಾರು?

ಬೆಂಗಳೂರಿನಿಂದ ಚಿತ್ರದುರ್ಗದ ಕಡೆಗೆ ಹೊರಟವರು ಶಿರಾವನ್ನು ದಾಟಿ, ಹಿರಿಯೂರನ್ನು ಸೇರುವ ಮೊದಲು ಜವನಗೊಂಡನಹಳ್ಳಿಯನ್ನು ಹಾದುಹೋಗುತ್ತಾರೆ. ಹೆದ್ದಾರಿಯ ಮೇಲೆ ಧಾವಿಸುವ ಪ್ರಯಾಣಿಕರಿಗೆ ಇಂದು ನೆಲದ ಏರುತಗ್ಗುಗಳ ಅರಿವೇ ಆಗದು. ಆದರೆ ಈ ಬಯಲುಸೀಮೆಯ ಸಾರಿಗೆಯ ಚರಿತ್ರೆಯೆಂದರೆ, ಒಂದರ್ಥದಲ್ಲಿ, ದಾರಿಯ ಕುಲುಕನ್ನು ಯಾರು ಹೊರಬೇಕೆಂಬ ಪ್ರಶ್ನೆಯ ಚರಿತ್ರೆಯೇ ಆಗಿದೆ.

ಚಿಕ್ಕದೇವರಾಜ ಒಡೆಯರ ಕಾಲದಲ್ಲಿ 'ಬೆಣ್ಣೆ ಚಾವಡಿ'ಯೆನಿಸಿದ್ದ ಅರಮನೆಯ ಗೋಸಂಪತ್ತನ್ನು ಹೈದರಾಲಿಯು ಸೈನ್ಯದ ಸಾಗಾಟಕ್ಕೆ ಬಳಸಿದನು. ಟಿಪ್ಪು ಸುಲ್ತಾನನು ಅದಕ್ಕೆ 'ಅಮೃತಮಹಲ್' ಎಂದು ಹೆಸರಿಟ್ಟನು. ಆ ದನಗಳ ಕಾವಲುಗಳು ಇಂದಿನ ಚಿತ್ರದುರ್ಗ ಜಿಲ್ಲೆಯಲ್ಲಿಯೂ ಹರಡಿದ್ದುವು. ಫಿರಂಗಿಯನ್ನೂ ಮದ್ದುಗುಂಡುಗಳನ್ನೂ ಎಳೆದ ಎತ್ತುಗಳು ಇವೇ. ಎತ್ತಿನ ಬಂಡಿಗೆ ಕಮಾನಿಲ್ಲ. ಭಾರವೆಲ್ಲ ನೇರವಾಗಿ ಅಚ್ಚಿನ ಮೇಲೆ. ಗಾಲಿಯು ಕಲ್ಲಿಗೆ ಬಡಿದರೆ ಆ ಪೆಟ್ಟು ಮೂಕಿಯ ಮೂಲಕ ನೊಗಕ್ಕೆ, ನೊಗದಿಂದ ಎತ್ತಿನ ಹೆಗಲಿಗೆ ತಲುಪುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಎತ್ತುಗಳು ಕಂಪನಿಯ ಸೈನ್ಯಕ್ಕೆ ದುಡಿದುವು. ಒಡೆಯರು ಬದಲಾದರು, ಪೆಟ್ಟು ತಿನ್ನುವ ಹೆಗಲು ಮಾತ್ರ ಬದಲಾಗಲಿಲ್ಲ.

ಉಕ್ಕಿನ ಕಮಾನು ನಮ್ಮ ಪೇಟೆಗಳ ಜನಕ್ಕೆ ಪರಿಚಿತವಾದದ್ದು ಜಟಕಾ ಗಾಡಿಯಿಂದ. ಸೈನ್ಯದ ಹಿಂಬಂಡಿಯಲ್ಲಿ ಅದು ಸೇರಿದ ಬಗೆಗೆ ಎರಡನೆಯ ಮಹಾಯುದ್ಧದ ಜೀಪಿನ ಟ್ರೈಲರು ಒಳ್ಳೆಯ ನಿದರ್ಶನ. ಬೆಂಗಳೂರಿನಲ್ಲಿ 1940ರಲ್ಲಿ ಆರಂಭವಾದ ಹಿಂದುಸ್ತಾನ್ ವಿಮಾನ ಕಾರ್ಖಾನೆಯು 1943ರಲ್ಲಿ ಅಮೆರಿಕದ ವಾಯುಸೇನೆಯ ವಶಕ್ಕೆ ಹೋದುದನ್ನು ಬಲ್ಲವರಿಗೆ, ಆ ಸೇನೆಯ ವಾಹನಗಳು ದೂರದ ಸಂಗತಿಯಲ್ಲ. ಜೀಪಿನ ಮೊದಲ ಮಾದರಿಯನ್ನು ರಚಿಸಿದ ಬಾಂಟಮ್ ಕಂಪನಿಗೆ ಜೀಪಿನ ದೊಡ್ಡ ಗುತ್ತಿಗೆ ದಕ್ಕಲಿಲ್ಲ. ಅದು ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳ ಪಾಲಾಯಿತು. ಬಾಂಟಮ್ ಕಂಪನಿಯು ಕಾಲು ಟನ್ನಿನ ಟ್ರೈಲರುಗಳನ್ನು ತಯಾರಿಸಿತು. ಅದರ ಗಾಲಿ ಜೀಪಿನ ಗಾಲಿಯೇ. ಒಡಲು ನೀರು ನುಗ್ಗದೆ ತೇಲುವಂಥದು. ಯುದ್ಧ ಮುಗಿದ ಮೇಲೆ ಇಂಥ ಮಿಲಿಟರಿ ಸಾಮಗ್ರಿಗಳು 'ಡಿಸ್ಪೋಸಲ್' ಮಾರಾಟದಲ್ಲಿ ಜನಸಾಮಾನ್ಯರ ಕೈಸೇರಿದುವು.

ಇಂಥ ಟ್ರೈಲರಿನ ಜೀವಾಳವಿರುವುದು ಅದರ ಕಮಾನಿನಲ್ಲಿ. ಉದ್ದ ಗಿಡ್ಡ ಪಟ್ಟಿಗಳನ್ನು ಬಿಲ್ಲಿನಂತೆ ಬಾಗಿಸಿ ಒಂದರೊಡನೊಂದು ಜೋಡಿಸಿರುತ್ತಾರೆ. ಗಾಲಿ ತಗ್ಗಿಗೆ ಬಿದ್ದಾಗ ಪಟ್ಟಿಗಳು ಮಣಿದು, ಒಂದರ ಮೇಲೊಂದು ಜಾರಿ, ಪೆಟ್ಟನ್ನು ತಮ್ಮೊಳಗೇ ಕರಗಿಸುತ್ತವೆ. ವರ್ಷಗಟ್ಟಲೆ ಮಳೆಯಲ್ಲಿ ನಿಂತರೆ ತುಕ್ಕು ಅವುಗಳನ್ನು ಬೆಸೆದುಬಿಡುತ್ತದೆ. ಆಗ ಕಮಾನು ಇದ್ದೂ ಇಲ್ಲದಂತೆ.

ಜೀರ್ಣೋದ್ಧಾರಕ್ಕೆ ಎರಡು ದಾರಿಗಳಿವೆ. ಲಾರಿಯ ದಪ್ಪ ಪಟ್ಟಿಯನ್ನು ಕತ್ತರಿಸಿ ಕೂರಿಸುವುದು ಸುಲಭ. ಆದರೆ ಸುಮಾರು 500 ಪೌಂಡಿನ ಹೊರೆಗೆಂದು ಅಳೆದ ಗಾಡಿಯಲ್ಲಿ ಅಂಥ ಪಟ್ಟಿ ಮಣಿಯುವುದೇ ಇಲ್ಲ. ಪೆಟ್ಟು ಮತ್ತೆ ಅಚ್ಚಿಗೂ ಚೌಕಟ್ಟಿಗೂ ಹೋಗುತ್ತದೆ. ಎರಡನೆಯದು ತಾಳ್ಮೆಯ ದಾರಿ: ಕಟ್ಟನ್ನು ಬಿಚ್ಚಿ, ಪ್ರತಿ ಪಟ್ಟಿಯ ತುಕ್ಕನ್ನು ಉಜ್ಜಿ, ಬಿರುಕುಗಳನ್ನು ಪರೀಕ್ಷಿಸಿ, ಸವೆದ ಬುಷ್ಷುಗಳನ್ನು ಬದಲಿಸಿ, ಕಳೆದುಹೋದ ಬಾಗನ್ನು ಮರಳಿ ತರುವುದು. ಇಲ್ಲಿ ಕುಲುಮೆಯವನ ವಿವೇಕ ಬೇಕು. ಪಟ್ಟಿಯನ್ನು ಬರಿದೆ ಕಾಯಿಸಿ ಬಗ್ಗಿಸಿದರೆ ಉಕ್ಕಿನ ಹದ ಕೆಡುತ್ತದೆ. ಕಾಯಿಸಿದ್ದಕ್ಕೆ ಮತ್ತೆ ನೀರೋ ಎಣ್ಣೆಯೋ ಕುಡಿಸಿ ಹದಗೊಳಿಸಲೇಬೇಕು.

ಹಳೆಯ ವಾಹನಕ್ಕೆ ಹೊಳೆಯುವ ಬಣ್ಣ ಬಳಿದ ಮಾತ್ರಕ್ಕೆ ಅದರ ಚರಿತ್ರೆ ಉಳಿಯದು. ಕಣ್ಣಿಗೆ ಕಾಣದ ಆ ಬಾಗಿನಲ್ಲಿ, ಹೊರೆಯೆಷ್ಟು, ದಾರಿಯೆಂಥದು ಎಂದು ಯಾರೋ ಮಾಡಿದ ಲೆಕ್ಕ ಅಡಗಿದೆ. ಅದನ್ನು ನೇರ್ಪಡಿಸುವವನು, ತಲೆತಲಾಂತರ ಎತ್ತಿನ ಹೆಗಲು ಹೊತ್ತ ಪೆಟ್ಟನ್ನು ಉಕ್ಕಿಗೆ ವಹಿಸಿಕೊಟ್ಟ ಮನುಷ್ಯನ ಆ ಚಿಕ್ಕ ದಯೆಯನ್ನೂ ಉಳಿಸಿಕೊಡುತ್ತಾನೆ.